ಕಂಬಿಗೆ ಸೇರದ ಹೆಸರು

"ಏಳ್ಬೇಡಿ! ಹಂಗೇ ಕೂತಿರಿ... ತಲೆ ಮೇಲೆ ಕಂಬಿ!"

ಮುತ್ತಮ್ಮ ಅಡುಗೆಮನೆಯ ಬಾಗಿಲಿನಿಂದ ಕೂಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಪಡಸಾಲೆಯಲ್ಲಿ ಕೂತಿದ್ದ ಆ ಎತ್ತರದ ಹುಡುಗ ಅವಳನ್ನು ಕಂಡು ಗಾಬರಿಯಿಂದ ಎದ್ದುನಿಂತ. ಅವನ ಕರಿಟೋಪಿ ತೊಲೆಗೆ ನೇತುಹಾಕಿದ್ದ ಕಂಬಿಯೊಂದಕ್ಕೆ ಸಿಕ್ಕಿತು. ಬಿಡಿಸಿಕೊಳ್ಳಲು ತಲೆ ಕೊಡವಿದ. ಆ ಕಂಬಿ ಕಳಚಿ ಪಕ್ಕದ್ದರ ಮೇಲೆ ಬಿತ್ತು, ಅದು ಅದರ ಪಕ್ಕದ್ದರ ಮೇಲೆ... ಅಷ್ಟೇ! ವರ್ಷಗಟ್ಟಲೆ ಚುಚ್ಚಿಟ್ಟಿದ್ದ ಚೀಟಿಗಳೆಲ್ಲ ಉದುರಿ ನೆಲದ ತುಂಬ ಹರಡಿದವು. ಆಷಾಢದ ಗಾಳಿ ಬೇರೆ. ಕೆಲವು ಹಾರಿ ಕೊಟ್ಟಿಗೆಯ ಕಡೆಗೂ ಹೋದವು.

"ತಪ್ಪಾಯ್ತು ರೀ... ನೋಡ್ಲಿಲ್ಲ..."

"ತಪ್ಪಾಯ್ತಂತೆ! ಮೊದ್ಲು ಬಾಗ್ಲು ಹಾಕ್ರೀ. ಅರ್ಧ ಹೋಬಳಿ ಹಾರಿಹೋಗ್ತಾ ಐತೆ!"

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಮುತ್ತಮ್ಮನ ತಂದೆ ಅಪ್ಪಯ್ಯಣ್ಣ ಬೂದಿಗೆರೆಯವನು. ಗಂಡು ಹೆಣ್ಣು ನೋಡಿ ಸಂಬಂಧ ಕುದುರಿಸುವುದೇ ಅವನ ಕೆಲಸ. ಸುತ್ತಲಿನ ಊರುಗಳಲ್ಲಿ ಅವರ ಜನದ ಮಕ್ಕಳಿರುವ ಒಂದೊಂದು ಮನೆಗೂ ಒಂದೊಂದು ಚೀಟಿ: ಯಜಮಾನನ ಹೆಸರು, ಊರು, ಹೊಲ, ಮದುವೆಗಿರುವ ಮಕ್ಕಳು. ಯುದ್ಧದ ಕಾಲ, ಕಾಗದ ತುಟ್ಟಿ. ಹಳೇ ಲಗ್ನಪತ್ರಿಕೆಗಳ ಬೆನ್ನಿಗೇ ಮುತ್ತಮ್ಮ ಬರೆದಿದ್ದಳು. ಅಂಗಡಿಯವರು ರಸೀದಿ ಚುಚ್ಚಿಡುವಂಥ ಕಂಬಿಗಳಿಗೆ ಅವನ್ನು ಚುಚ್ಚಿ ತೊಲೆಗೆ ಸಾಲಾಗಿ ತೂಗುಹಾಕಿದ್ದಳು. ಒಂದು ಮನೆದೇವರಿಗೆ ಒಂದು ಕಂಬಿ. ಭೈರವನ ಒಕ್ಕಲೆಲ್ಲ ಒಂದರಲ್ಲಿ, ಚೌಡಮ್ಮನವರು ಇನ್ನೊಂದರಲ್ಲಿ, ತಿಮ್ಮರಾಯನವರು ಮತ್ತೊಂದರಲ್ಲಿ.

ಒಂದೇ ಕಂಬಿಯವರೆಲ್ಲ ತಮ್ಮತಮ್ಮಲ್ಲಿ ಅಣ್ಣತಮ್ಮಂದಿರು. ಅದರೊಳಗೇ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಹುಡುಗ ಒಂದು ಕಂಬಿ, ಹುಡುಗಿ ಇನ್ನೊಂದು ಕಂಬಿ ಆದರೆ ಮಾತ್ರ ಮಾತು ಮುಂದಕ್ಕೆ.

"ಏನೇ ಮುತ್ತೂ ಅದು ಸದ್ದು?" ಒಳಗಿನಿಂದ ಅಪ್ಪಯ್ಯಣ್ಣನ ಧ್ವನಿ ಬಂತು. ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು.

"ಏನಿಲ್ಲಪ್ಪಾ... ಯಾರೋ ಬಂದವ್ರೆ. ಬಂದವ್ರು ಕಂಬಿಗಳ್ನೆಲ್ಲ ಕೆಡವಿದ್ರು."

ಹುಡುಗನ ಮುಖ ಕೆಂಪಾಯಿತು. ಮಂಡಿಯೂರಿ ಚೀಟಿ ಆಯತೊಡಗಿದ. ಅವನ ಹೆಸರು ಆದಿನಾರಾಯಣ. ದೇವನಹಳ್ಳಿ ಟಪಾಲು ಕಚೇರಿಯಲ್ಲಿ ಕಾಗದ ವಿಂಗಡಿಸುವ ಗುಮಾಸ್ತ. ಸೈನ್ಯಕ್ಕೆ ಸೇರಿದ ಹಳ್ಳಿ ಹುಡುಗರು ಎಲ್ಲಿಂದಲೋ ಬರೆಸಿ ಹಾಕುವ ಕಾಗದಗಳ ಮೇಲೆ 'ಬೂದಿಗೆರೆ ಪಿಳ್ಳಪ್ಪನವರಿಗೆ' ಅಂತಿಷ್ಟೇ ಇರುತ್ತಿತ್ತು. ಬೂದಿಗೆರೆ ಸುತ್ತ ಎಷ್ಟು ಪಿಳ್ಳಪ್ಪಂದಿರು! ಯಾರ ಮಗ ಯಾವ ಪಿಳ್ಳಪ್ಪನಿಗೆ ಬರೆದದ್ದು? ಅಪ್ಪಯ್ಯಣ್ಣನಿಗೆ ಗೊತ್ತಿರದ ಮನೆಯಿಲ್ಲ ಎಂದು ಯಾರೋ ಹೇಳಿದ್ದರಿಂದ ಸೈಕಲ್ ತುಳಿದುಕೊಂಡು ಬಂದಿದ್ದ.

"ಇವನ್ನ ಊರಿನ ಪ್ರಕಾರ ಜೋಡಿಸಿದ್ರೆ ಸುಲಭ ಅಲ್ವಾ?" ಕೋಪ ಇಳಿಸೋಣವೆಂದು ಅವನು ಮೆಲ್ಲಗೆ ಕೇಳಿದ. "ನಾವು ಟಪಾಲು ಆಫೀಸಲ್ಲಿ ಹಾಗೇ ಮಾಡೋದು. ಊರಿಗೊಂದು ಗೂಡು."

"ಒಂದೇ ಊರು ಅಂತ ಮದುವೆ ಮಾಡಕ್ಕಾಗ್ತದೇನ್ರೀ? ನಿಮ್ ಕಾಗದಗಳು ಊರು ಸೇರಿದ್ರೆ ಸಾಕು. ನಮ್ಮವು ಸಂಸಾರ ಮಾಡ್ಬೇಕು."

ಅವನಿಗೆ ನಗು ತಡೆಯಲಾಗಲಿಲ್ಲ. ಮುತ್ತಮ್ಮ ಕಣ್ಣು ದೊಡ್ಡದು ಮಾಡಿ ನೋಡಿದಳು. ನೋಡಿದವಳು, ಅದೇಕೋ, ಕಣ್ಣು ತೆಗೆಯುವುದು ಒಂದು ಗಳಿಗೆ ತಡವಾಯಿತು!

ಚೀಟಿಯ ಮೇಲೆ ದೇವರ ಹೆಸರು ಬರೆದಿರಲಿಲ್ಲ, ಕಂಬಿಯೇ ಗುರುತು. ಹಾಗಾಗಿ ಆದಿನಾರಾಯಣ ಒಂದೊಂದೇ ಹೆಸರು ಓದಿ ಹೇಳಬೇಕು, ಒಳಗೆ ಮಲಗಿದ್ದ ಅಪ್ಪಯ್ಯಣ್ಣ ದೇವರ ಹೆಸರು ಕೂಗಬೇಕು, ಮುತ್ತಮ್ಮ ಚುಚ್ಚಬೇಕು. ಹೊತ್ತು ಇಳಿಯುವ ತನಕ ಇದೇ ನಡೆಯಿತು.

ಎಲ್ಲ ಮುಗಿದ ಮೇಲೆ ಅವನು ಕೈಯಲ್ಲಿ ಉಳಿದಿದ್ದ ಖಾಲಿ ಚೀಟಿಯೊಂದರ ಮೇಲೆ ಏನೋ ಗೀಚಿ ಅವಳ ಮುಂದಿಟ್ಟ.

'ಆದಿನಾರಾಯಣಪ್ಪ, ವೆಂಕಟರಾಯಪ್ಪನವರ ಮನೆ, ಕುಂದಾಣ.'

"ಇದ್ಯಾಕೆ?"

"ನಿಮ್ಮ ಕಂಬಿ ಬೀಳಿಸಿದೋನು ಯಾರು ಅಂತ ನೆನಪಿರಲಿ ಅಂತ."

ಅವನು ಸೈಕಲ್ ಹತ್ತಿ ಹೋದ. ಆ ಚೀಟಿಯನ್ನು ಯಾವ ಕಂಬಿಗೆ ಚುಚ್ಚಬೇಕೆಂದು ಅಪ್ಪನನ್ನು ಕೇಳಬಹುದಿತ್ತು. ಮುತ್ತಮ್ಮ ಕೇಳಲಿಲ್ಲ. ಗೋಡೆಯ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಕೆಳಗೆ ಇಟ್ಟುಬಿಟ್ಟಳು.

*

ಅಂದಿನಿಂದ ವಾರಕ್ಕೊಮ್ಮೆ ವಿಳಾಸ ಸರಿಯಿಲ್ಲದ ಕಾಗದಗಳು ಬೂದಿಗೆರೆಗೆ ಬರತೊಡಗಿದವು. ಅಷ್ಟೊಂದು ಜನಕ್ಕೆ ವಿಳಾಸ ಬರೆಯಲು ಬರುವುದಿಲ್ಲವೇ ಎಂದು ಮುತ್ತಮ್ಮನಿಗೆ ಅನುಮಾನ. ಕೇಳಿದರೆ ಬರುವುದು ನಿಲ್ಲಿಸಿಬಿಟ್ಟಾನೆಂಬ ಭಯ!

"ಇವತ್ತು ಯಾವ ಪಿಳ್ಳಪ್ಪ?"

"ಪಿಳ್ಳಪ್ಪ ಅಲ್ಲ, ಪಾಪಕ್ಕ. ಮಗ ಬರ್ಮಾ ಕಡೆಯಿಂದ ಬರೆದಿದಾನೆ. 'ನಮ್ಮವ್ವ ಪಾಪಕ್ಕನಿಗೆ, ಬೂದಿಗೆರೆ ಹತ್ತಿರ' ಅಂತಷ್ಟೇ ಇದೆ."

ಮುತ್ತಮ್ಮ ಕಂಬಿಗಳ ಮುಂದೆ ನಿಂತು ಚೀಟಿ ಸರಿಸುತ್ತ ಹುಡುಕಿದಳು. ಹೆಂಗಸರ ಹೆಸರೇ ಇಲ್ಲ! ಕೊನೆಗೆ ಬಾವಿಕಟ್ಟೆಗೆ ಹೋಗಿ ನಾಲ್ಕು ಜನರನ್ನು ವಿಚಾರಿಸಿಕೊಂಡು ಬಂದು ಹೇಳಿದಳು. ಆ ಸಂಜೆ ಆದಿನಾರಾಯಣ ತಾನೇ ಹೋಗಿ ಪಾಪಕ್ಕನಿಗೆ ಕಾಗದ ಓದಿ ಹೇಳಿ, ತಿರುಗಿ ಬಂದು, ಆ ಮುದುಕಿ ಹೇಗೆ ಅತ್ತಳು, ಹೇಗೆ ತನ್ನ ಕೆನ್ನೆ ಸವರಿದಳು ಎಂದು ವರ್ಣಿಸಿದ. ಹೇಳುವಾಗ ಅವನ ಕಣ್ಣೂ ಒದ್ದೆ. ಮುತ್ತಮ್ಮ ಅವನಿಗೆ ಸೋತದ್ದು ಆ ಸಂಜೆ.

ಆಮೇಲೆ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸೈಕಲ್ ಗಂಟೆ ಕೇಳಿದರೆ ರಾಗಿ ಕಲ್ಲು ಬೀಸುವ ಕೈ ನಿಲ್ಲುವುದು. ಬೇರೆ ಯಾರದೋ ಸೈಕಲ್ ಎಂದು ತಿಳಿದರೆ ಕಲ್ಲಿನ ಮೇಲೆ ಸಿಟ್ಟು! ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಕ್ಕೆ ಅಪ್ಪ ಕೇಳಿದ:

"ಏನಮ್ಮಾ, ಉಪ್ಪಿನ ಮೇಲೆ ಇಷ್ಟೊಂದು ಪ್ರೀತಿ?"

"ಗಾಳಿ ಅಪ್ಪಾ... ಗಾಳಿ ಬೀಸ್ತಾ ಇದ್ರೆ ಏನೂ ತೋಚಲ್ಲ."

ಆ ದಿನ ಗಾಳಿಯೇ ಇರಲಿಲ್ಲ.

ಶ್ರಾವಣ ಹುಟ್ಟಿದ ಮೇಲೆ ಒಂದು ಮಧ್ಯಾಹ್ನ ಆದಿನಾರಾಯಣ ಹೊರಡುವ ಮುನ್ನ ಹೊಸ್ತಿಲ ಬಳಿ ನಿಂತ.

"ಮುತ್ತಮ್ಮಾ ಅವರೇ... ನನ್ನ ಚೀಟಿ ಯಾವ ಕಂಬಿಗೆ ಹಾಕಿದ್ರಿ?"

"ಇನ್ನೂ ಹಾಕಿಲ್ಲ."

"ಯಾಕೆ?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿದಳು. ಅವನಿಗೆ ಬೇಕಾದ ಉತ್ತರ ಅದೇ ಆಗಿತ್ತು ಅನ್ನಿ!

"ಮುಂದಿನ ವಾರ ನಮ್ಮ ಮನೆ ಹಿರಿಯರನ್ನ ಕರ್ಕೊಂಡು ಬರ್ಲಾ?"

ಮುತ್ತಮ್ಮ ಒಳಗೆ ಓಡಿದಳು. ಓಡುವಾಗ ತಲೆಯಾಡಿಸಿದ್ದನ್ನು ಅವನು ಕಂಡ.

ಸಂಜೆ ಅಪ್ಪನಿಗೆ ಕೈಕಾಲಿಗೆ ನೀರು ಕೊಡುತ್ತ, ಎದೆ ಹೊಡೆದುಕೊಳ್ಳುತ್ತಿದ್ದರೂ ಏನೂ ಅಲ್ಲವೆಂಬಂತೆ ಕೇಳಿದಳು: "ಅಪ್ಪಾ, ಕುಂದಾಣದ ವೆಂಕಟರಾಯಪ್ಪ ಅಂತ ಒಂದು ಮನೆ ಐತಲ್ಲ... ಅವ್ರದ್ದು ಯಾವ್ ದೇವ್ರು?"

ಅಪ್ಪಯ್ಯಣ್ಣ ಯೋಚಿಸಲೂ ಇಲ್ಲ. "ಭೈರವ ಕಣಮ್ಮ. ನಮ್ಮವರೇ. ಅಣ್ಣತಮ್ಮಂದಿರಾಗ್ಬೇಕು ನಾವು."

ಚೊಂಬು ಅವಳ ಕೈಯಿಂದ ಜಾರಿತು.

ನಮ್ಮವರೇ! ಅಂದರೆ ತನ್ನದೇ ಕಂಬಿ... ಅಂದರೆ ಅವನು... ಅಯ್ಯೋ! ಇಷ್ಟು ದಿನ ಯಾರನ್ನು ನೆನೆದು ಹೂ ಮುಡಿದೆ ನಾನು?

ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಬಟ್ಟಲಿನ ಕೆಳಗಿನ ಚೀಟಿಯನ್ನು ತೆಗೆದು, ತುಟಿ ಕಚ್ಚಿಕೊಂಡು, ಭೈರವನ ಕಂಬಿಗೆ ಚುಚ್ಚಿದಳು. ತನ್ನ ಅಪ್ಪನ ಚೀಟಿಯ ಮೇಲೆಯೇ ಅದು ಹೋಗಿ ಕೂತಿತು.

*

ಹಿರಿಯರು ಬರುವ ಮುನ್ನವೇ ಇದನ್ನು ತಡೆಯಬೇಕಿತ್ತು. ನಾಲ್ಕು ಜನರ ಮುಂದೆ ವರಸೆ ಬಯಲಾದರೆ ಇಬ್ಬರ ಮನೆಯ ಮಾನವೂ ಬೀದಿಗೆ ಬೀಳುತ್ತದೆ. ಅದೃಷ್ಟಕ್ಕೆ ಅವನು ಮೊದಲು ಒಬ್ಬನೇ ಬಂದ, ದಿನ ಗೊತ್ತು ಮಾಡಲು. ಕೈಯಲ್ಲಿ ದೇವನಹಳ್ಳಿಯ ಚಕ್ಕೋತ ಹಣ್ಣು, ಮುಖದ ತುಂಬ ನಗು.

ಮುತ್ತಮ್ಮ ಬಾಗಿಲಲ್ಲಿ ನಿಂತಳು.

"ಬನ್ನಿ... ಅಣ್ಣಾ."

ಅವನ ನಗು ಅಲ್ಲೇ ನಿಂತುಹೋಯಿತು.

"ಏನಂದ್ರಿ?"

"ಅಣ್ಣ ಅಂದೆ. ಹಿರಿಯರನ್ನ ಕರ್ಕೊಂಡು ಬರ್ಬೇಡಿ ಅಣ್ಣಾ. ನಿಮ್ ದಮ್ಮಯ್ಯ... ಯಾಕೆ ಅಂತ ಮಾತ್ರ ಕೇಳ್ಬೇಡಿ."

ಹೇಗೆ ಹೇಳುವುದು? ಅಣ್ಣನಾಗಬೇಕಾದವನ ಮೇಲೆ ಮನಸ್ಸಿಟ್ಟೆ ಎಂದು ಯಾವ ಬಾಯಲ್ಲಿ ಹೇಳುವುದು? ಆ ಒಂದು ಪದದಲ್ಲೇ ಅವನಿಗೆ ಎಲ್ಲ ತಿಳಿದೀತು ಎಂದುಕೊಂಡಳು ಹುಚ್ಚು ಹುಡುಗಿ. ಅವನಿಗೆ ತಿಳಿದದ್ದೇ ಬೇರೆ. ಬೇಡವಾದ ಗಂಡಸನ್ನು ದೂರವಿಡಲು ಮರ್ಯಾದಸ್ಥ ಹೆಣ್ಣುಮಕ್ಕಳು ಆಡುವ ಮಾತು ಅದೇ ತಾನೇ!

"ಕೇಳಲ್ಲ ಬಿಡಿ," ಎಂದ. ಚಕ್ಕೋತವನ್ನು ಜಗಲಿಯ ಮೇಲಿಟ್ಟು, ತಲೆ ಬಗ್ಗಿಸಿ ಹೊರಟ.

ಅವಳು ಆ ಹಣ್ಣನ್ನು ಬಿಡಿಸಲಿಲ್ಲ. ಅದು ಅಲ್ಲೇ ಒಣಗಿತು.

ಆಮೇಲೆ ಅವನು ಬರಲಿಲ್ಲ. ಹಳ್ಳಿ ತಿರುಗುವ ಟಪಾಲಿನವನೇ ಹೆಸರು ಕೇಳಿಕೊಂಡು ಹೋಗುತ್ತಿದ್ದ. ಇತ್ತ ಅಪ್ಪಯ್ಯಣ್ಣನಿಗೆ ಸೂಲಿಬೆಲೆಯಿಂದ ಒಂದು ಸಂಬಂಧ ಕೂಡಿಬಂತು. ತೋಟ, ಬಾವಿ, ಎರಡು ಜೊತೆ ಎತ್ತಿನ ಮನೆ. ತಿಮ್ಮರಾಯನ ಕಂಬಿ, ಏನೂ ಅಡ್ಡಿಯಿಲ್ಲ. ಗೌರಿಹಬ್ಬ ಕಳೆದ ಶುಕ್ರವಾರ ವೀಳ್ಯ ಬದಲಾಯಿಸುವುದೆಂದು ಮಾತಾಯಿತು.

"ಒಪ್ಪಿಗೆನಾ ಮುತ್ತೂ?" ಅಂತ ಅಪ್ಪ ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ಯಾರಾದರೇನು... ಎಲ್ಲಾದರೇನು...

ಟಪಾಲಿನವನ ಮೂಲಕ ಈ ಸುದ್ದಿ ದೇವನಹಳ್ಳಿಗೂ ಮುಟ್ಟಿತು. ಆದಿನಾರಾಯಣ ಆ ದಿನ ಸೂಲಿಬೆಲೆಯ ಗೂಡಿಗೆ ಹೊಸಕೋಟೆಯ ಕಾಗದ ಹಾಕಿ ಬೈಸಿಕೊಂಡ.

*

ಗೌರಿಹಬ್ಬದ ಹಿಂದಿನ ವಾರ ಬೇರೆ ಯಾರದೋ ವೀಳ್ಯದ ಶಾಸ್ತ್ರ ಅಪ್ಪಯ್ಯಣ್ಣನ ಪಡಸಾಲೆಯಲ್ಲೇ ಇತ್ತು. ಹೊಸಕೋಟೆಯ ಹುಡುಗ, ಬೂದಿಗೆರೆಯ ಹುಡುಗಿ. ಬೇರೆ ಬೇರೆ ಕಂಬಿ. ಗಂಡಸರು ತಟ್ಟೆಗೆ ಎಲೆ ಅಡಿಕೆ ಇಟ್ಟು ಇನ್ನೇನು ಕೈ ಬದಲಾಯಿಸಬೇಕು, ಊರಿನ ಸೂಲಗಿತ್ತಿ ಪಿಳ್ಳಮ್ಮ ಬಾಗಿಲಿನಿಂದಲೇ ಕೂಗಿದಳು.

"ತಡೀರೋ! ಹುಡುಗನ ತಾಯಿ ಯಾರ ಮಗಳು? ಜಡಿಗೇನಹಳ್ಳಿಗೆ ಕೊಟ್ಟಿದ್ದ ಸಪ್ಪಲಮ್ಮನ ಮಗಳಲ್ವಾ?"

"ಹೌದು, ಏನೀಗ?"

"ಏನೀಗಾ? ಈ ಹುಡುಗಿ ತಾಯೀನ ಹೆತ್ತೋಳು ಆ ಸಪ್ಪಲಮ್ಮನ ಒಡಹುಟ್ಟಿದ ತಂಗಿ! ಅಕ್ಕತಂಗೀರ ಮಕ್ಕಳ ಮಕ್ಕಳು ಕಣ್ರೋ ಇವ್ರು. ಅಣ್ಣತಂಗಿಗೆ ಗಂಟು ಹಾಕ್ತೀರಾ?"

ತಟ್ಟೆ ಹಿಂದಕ್ಕೆ ಹೋಯಿತು. ಅಪ್ಪಯ್ಯಣ್ಣ ಮುಖ ಒರೆಸಿಕೊಂಡ.

"ಏನೋ ಅಪ್ಪಯ್ಯಾ," ಪಿಳ್ಳಮ್ಮ ಕಂಬಿಗಳ ಕಡೆ ಕೈ ತೋರಿಸಿದಳು, "ಗಂಡಸ್ರನ್ನೆಲ್ಲ ಚುಚ್ಚಿ ನೇತುಹಾಕಿದೀಯ. ಅವ್ರನ್ನ ಹೆತ್ತೋರು ಎಲ್ಲವ್ರೆ ಇದ್ರಲ್ಲಿ? ಗಂಡಸ್ರೇ ಗಂಡಸ್ರನ್ನ ಹೆತ್ರೇನೋ?"

ಎಲ್ಲರೂ ಹೋದ ಮೇಲೆ ಅಪ್ಪಯ್ಯಣ್ಣ ಮಗಳನ್ನು ಕರೆದ. "ಮುತ್ತೂ, ಎಲ್ಲಾ ಚೀಟಿ ಇಳಿಸು. ಒಂದೊಂದಕ್ಕೂ ತಾಯಿ ಹೆಸರು, ತವರು ಬರಿ. ನಂಗೊತ್ತಿಲ್ದೇ ಇದ್ರೆ ಹೆಂಗಸ್ರನ್ನ ಕೇಳು."

ಮುತ್ತಮ್ಮನ ಸುಮ್ಮನಿರಲಾಗದ ಕೈಗಳಿಗೆ ಕೆಲಸ ಸಿಕ್ಕಿತು. ಬಾವಿಕಟ್ಟೆ, ಕಣ, ಕಳೆ ಕೀಳುವ ಹೊಲ, ಎಲ್ಲೆಲ್ಲೂ ಹೋಗಿ ಕೇಳಿದಳು. ಹೆಂಗಸರಿಗೋ ಸಂಭ್ರಮ. ತಮ್ಮ ತವರನ್ನು ಯಾರೂ ಹೀಗೆ ಕೇಳಿಯೇ ಇರಲಿಲ್ಲ! ಒಂದೇ ತವರಿನ ಹೆಣ್ಣುಮಕ್ಕಳ ಮನೆಗಳನ್ನು ಒಂದೇ ಬಣ್ಣದ ನೂಲಿನಿಂದ ಕಟ್ಟುತ್ತ ಹೋದಂತೆ, ಒಂದು ಕಂಬಿಯಲ್ಲಿ ಎಂದೂ ಕೂರದ ಮನೆಗಳು ಹತ್ತಿರ ಹತ್ತಿರ ಬಂದವು.

ಹಾಗೇ ಭೈರವನ ಕಂಬಿಯೂ ಇಳಿಯಿತು. ಅವನ ಚೀಟಿ ಕೈಗೆ ಬಂತು.

"ಅಪ್ಪಾ... ಕುಂದಾಣದ ವೆಂಕಟರಾಯಪ್ಪನ ಹೆಂಡತಿ ತವರು ಯಾವುದು? ಮಗನ ಚೀಟೀಲಿ ಬರೀಬೇಕು."

"ವೆಂಕಟರಾಯಪ್ಪನಿಗೆ ಎಲ್ಲಿ ಮಗ? ಮಕ್ಕಳಿಲ್ಲದ ಮನೆ ಕಣಮ್ಮ ಅದು, ಅದಕ್ಕೇ ಚೀಟಿ ಇಲ್ಲ."

ಮುತ್ತಮ್ಮ ಕೈಯಲ್ಲಿದ್ದ ಚೀಟಿಯನ್ನು ಮತ್ತೊಮ್ಮೆ ಓದಿದಳು.

"ಮತ್ತೆ ಕಂಬಿ ಕೆಡವಿದ ಆ ಟಪಾಲಿನವರು ಅದೇ ಮನೆಯೋರು ಅಂದ್ರಲ್ಲ!"

"ಅವನು ಅದೇ ಮನೆಯೋನಾ? ಹಂಗಾದ್ರೆ ದಾಯಾದಿ ಮಗೂನ ಸಾಕ್ಕೊಂಡಿರ್ತಾನೆ. ಸಾಕಿದ್ರೂ ಭೈರವನ ಒಕ್ಕಲೇ ತಾನೇ."

ಇರಬಹುದು. ಇಲ್ಲದೆಯೂ ಇರಬಹುದಲ್ಲ! ಅವನ ಊರು ಗೊತ್ತು, ಮನೆ ಗೊತ್ತು, ನಗು ಗೊತ್ತು, ನಡಿಗೆ ಗೊತ್ತು. ಅವನನ್ನು ಹೆತ್ತವಳು ಯಾರೆಂದೇ ಕೇಳಲಿಲ್ಲವಲ್ಲ ನಾನು?

ಶುಕ್ರವಾರ ಸೂಲಿಬೆಲೆಯವರು ಬರುತ್ತಾರೆ. ವೀಳ್ಯ ಕೈ ಬದಲಾದರೆ ಆಮೇಲೆ ಏನು ತಿಳಿದರೂ ಏನು ಬಂತು? ಅವಳಿಗೆ ಊಟ ಸೇರಲಿಲ್ಲ. ಹಿತ್ತಲಿಗೆ ಹೋದಳು, ಬಂದಳು, ಮತ್ತೆ ಹೋದಳು. ಬುಧವಾರ ಬೆಳಗ್ಗೆ ಅಪ್ಪನ ಮುಂದೆ ನಿಂತಳು.

"ಅಪ್ಪಾ, ವೀಳ್ಯಕ್ಕೆ ಎಲೆ, ಕಾಯಿ ತರ್ಬೇಕಲ್ಲ. ದೇವನಹಳ್ಳಿ ಸಂತೆಗೆ ನಾನೂ ಬರ್ತೀನಿ."

*

ಗಾಡಿಯನ್ನು ಟಪಾಲು ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ನಿಲ್ಲಿಸಿದರು. ಅಪ್ಪ ಗಾಡಿಯಲ್ಲೇ ಕೂತ. "ಒಂದು ಕಾರ್ಡು ತಂದ್ಬಿಡ್ತೀನಿ," ಎಂದು ಮುತ್ತಮ್ಮ ಇಳಿದಳು.

ಕಿಟಕಿಯ ಮುಂದೆ ಜನ. ಒಳಗೆ ಅವನು. ಸೊರಗಿದ್ದ. ಗಡ್ಡ ಬಂದಿತ್ತು.

"ಕಾರ್ಡಾ, ಕವರಾ?" ತಲೆಯೆತ್ತದೆ ಕೇಳಿದ.

"ಒಂದು ಮಾತು ಕೇಳ್ಬೇಕಿತ್ತು."

ಅವನ ಕೈಯಲ್ಲಿದ್ದ ಮುದ್ರೆ ಹಾಗೇ ನಿಂತಿತು. ತಲೆಯೆತ್ತಿದ. ಒಂದು ಕ್ಷಣ ಆ ಕಣ್ಣುಗಳಲ್ಲಿ ಹಳೆಯದೆಲ್ಲ ಕಂಡಿತು. ಆಮೇಲೆ ಮುಖ ಗಟ್ಟಿಮಾಡಿಕೊಂಡ.

"ಅಣ್ಣನ ಹತ್ರ ಏನು ಕೇಳೋದಿದೆ? ಕೇಳಮ್ಮ."

ಅದು ಅವಳ ಎದೆಗೆ ನಾಟಿತು. ನಾಟಲಿ, ಅವನಿಗೆ ಆ ಹಕ್ಕಿದೆ.

"ನಿಮ್ಮ ತಾಯಿ ಯಾವ ಮನೆ ಹೆಣ್ಣುಮಗಳು?"

ಹಿಂದೆ ನಿಂತಿದ್ದ ಮುದುಕನೊಬ್ಬ ಕಿಸಕ್ಕನೆ ನಕ್ಕ. ಆದಿನಾರಾಯಣನ ಹುಬ್ಬು ಗಂಟಾಯಿತು.

"ನಮ್ಮ ತಾಯಿ ವಿಚಾರ ಸೂಲಿಬೆಲೆ ಸೊಸೆಗೆ ಯಾಕೆ ಬೇಕು?"

"ಬೈಕೊಳ್ಳಿ, ಆಮೇಲೆ ಎಷ್ಟು ಬೇಕಾದ್ರೂ ಬೈಕೊಳ್ಳಿ! ಇದೊಂದು ಹೇಳಿ... ನಿಮ್ಮ ದಮ್ಮಯ್ಯ!"

ಅವಳ ಕಣ್ಣಲ್ಲಿ ನೀರು ನೋಡಿ ಅವನ ಧ್ವನಿ ತಾನಾಗಿಯೇ ಇಳಿಯಿತು.

"ಮುನಿವೆಂಕಟಮ್ಮ ಅಂತ. ಕುಂದಾಣದ ಮನೆ ಮಗಳು. ವೆಂಕಟರಾಯಪ್ಪನವರ ತಂಗಿ."

"ತಂಗಿ?... ಅಂದ್ರೆ ವೆಂಕಟರಾಯಪ್ಪನವರು ನಿಮಗೆ..."

"ಸೋದರಮಾವ. ನಮ್ಮಪ್ಪ ಚಿಕ್ಕವೆಂಕಟಪ್ಪ, ಮಾಲೂರು ಕಡೆಯವರು. ನಾನು ತೊಟ್ಟಿಲಲ್ಲಿದ್ದಾಗಲೇ ಪ್ಲೇಗಿಗೆ ಹೋದ್ರು. ಅಮ್ಮ ನನ್ನ ಎತ್ಕೊಂಡು ತವರಿಗೆ ಬಂದ್ಳು. ಮಾವನೇ ಸಾಕಿದ್ದು."

"ನಿಮ್ಮಪ್ಪನ ಮನೆದೇವ್ರು?"

"ಚೌಡಮ್ಮ. ಯಾಕೆ ಇದೆಲ್ಲ..."

ಮುತ್ತಮ್ಮ ಕಿಟಕಿಯ ಸರಳು ಹಿಡಿದುಕೊಂಡಳು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

"ಹಂಗಾದ್ರೆ ಚೀಟೀಲಿ ವೆಂಕಟರಾಯಪ್ಪನ ಮನೆ ಅಂತ ಯಾಕ್ರೀ ಬರೆದ್ರಿ?"

"ಇನ್ನೇನು ಬರೀಲಿ? ಟಪಾಲು ಅಲ್ಲಿಗೆ ತಾನೇ ಬರೋದು! ನಾನು ವಿಳಾಸ ಬರೆದೆ."

"ವಿಳಾಸ ಬರೆದ್ರಂತೆ! ಅದು ನೋಡಿ ನಾನು ನಿಮ್ಮನ್ನ ನಮ್ಮ ಕಂಬಿಗೇ ಚುಚ್ಚಿದೆ! ನೀವು ಭೈರವನ ಒಕ್ಕಲು, ನಂಗೆ ಅಣ್ಣ ಆಗ್ಬೇಕು ಅಂತ... ಹೇಳೋಕೂ ಆಗ್ದೆ, ನುಂಗೋಕೂ ಆಗ್ದೆ... ಅಣ್ಣ ಅಂದಾಗ ನನ್ನ ಜೀವ ಹೋದಂಗಾಯ್ತು ಕಣ್ರೀ!"

ನಿಧಾನವಾಗಿ ಎಲ್ಲ ಅರ್ಥವಾಗುತ್ತ ಬಂದಂತೆ ಆದಿನಾರಾಯಣನ ಸೊರಗಿದ ಮುಖಕ್ಕೆ ರಕ್ತ ಬಂತು.

"ಅದಕ್ಕಾ?... ಸೂಲಿಬೆಲೆ ತೋಟ, ಬಾವಿಗೋಸ್ಕರ ಅಲ್ವಾ?"

"ಬಾವಿ ಇಟ್ಕೊಂಡು ನಾನೇನು ಮಾಡ್ಲಿ... ಬೀಳೋದಾ?"

"ಮುತ್ತೂ..."

ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಹಿಂದಿದ್ದ ಮುದುಕ ಕೆಮ್ಮಿದ. "ಏನಪ್ಪಾ ಗುಮಾಸ್ತ, ನಂದೊಂದು ಕಾರ್ಡು ಕೊಟ್ಬಿಟ್ಟು ಮುಂದುವರಿಸ್ಕೊಳ್ಳಿ!"

*

ಮುತ್ತಮ್ಮ ಗಾಡಿಯ ಬಳಿಗೆ ಓಡಿ ಬಂದಳು. ಹಿಂದೆಯೇ ಅವನೂ ಬಂದು ನಾಲ್ಕು ಮಾರು ದೂರದಲ್ಲಿ ನಿಂತ.

"ಅಪ್ಪಾ, ಕುಂದಾಣದ ವೆಂಕಟರಾಯಪ್ಪನ ತಂಗಿ ಮಗ ನಂಗೆ ಏನಾಗ್ಬೇಕು?"

ಇಂಥ ಲೆಕ್ಕ ಅಪ್ಪಯ್ಯಣ್ಣನ ನಾಲಗೆ ತುದಿಯಲ್ಲೇ. "ವೆಂಕಟರಾಯಪ್ಪ ನಂಗೆ ಅಣ್ಣತಮ್ಮ. ಅವನ ತಂಗಿ ನಂಗೂ ತಂಗಿ, ನಿಂಗೆ ಸೋದರತ್ತೆ. ಅತ್ತೆ ಮಗ ನಿಂಗೆ ಭಾವ. ಕೊಟ್ಟು ತರೋ ವರಸೆ ಅಂದ್ರೆ ಅದೇ ಮೊದಲು..." ಹೇಳುತ್ತಿದ್ದವನು ನಿಲ್ಲಿಸಿದ. ಪೊರೆ ಬಂದ ಕಣ್ಣು ಮಗಳ ಕಡೆ ತಿರುಗಿತು. "ಯಾಕೆ ಕೇಳ್ದೆ?"

ಅವಳ ಏದುಸಿರು ಅವನಿಗೆ ಕೇಳಿಸಿತು. ಕಣ್ಣು ಹೋದವನ ಕಿವಿ ಚುರುಕು.

"ಆ ಟಪಾಲಿನ ಹುಡುಗನಾ?"

ಮುತ್ತಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿದಳು.

"ಉಪ್ಪು ಜಾಸ್ತಿಯಾಗಿದ್ದು ಅದಕ್ಕಾ?"

"ಅಪ್ಪಾ!"

ಅಪ್ಪಯ್ಯಣ್ಣ ಗಾಡಿಯ ಮರ ಹಿಡಿದು ಕೂತೇ ಇದ್ದ. ಶುಕ್ರವಾರದ ವೀಳ್ಯ, ಸೂಲಿಬೆಲೆಯವರಿಗೆ ಕೊಟ್ಟ ಮಾತು, ಎಲ್ಲ ಅವನ ಮುಖದ ಮೇಲೆ ಬಂದುಹೋದವು.

"ಊರಿಗೆಲ್ಲ ಮದುವೆ ಮಾಡ್ಸಿದೆ," ಎಂದ ಕೊನೆಗೆ. "ಒಂದು ಹುಡುಗೀನೂ ಕೂರಿಸ್ಕೊಂಡು ನಿಂಗೆ ಮನಸ್ಸಿದೆಯಾ ಅಂತ ಕೇಳಿಲ್ಲ ನಾನು. ನಿನ್ನ ಕೇಳ್ತೀನಿ, ಬಾಯ್ಬಿಟ್ಟು ಹೇಳು. ಇದೆಯಾ?"

ಸಂತೆಗೆ ಹೋಗುವ ಜನ ಹಾದುಹೋಗುತ್ತಿದ್ದರು. ಆದಿನಾರಾಯಣನೂ ಕೇಳಿಸಿಕೊಳ್ಳುತ್ತಿದ್ದ. ಮುತ್ತಮ್ಮನಿಗೆ ನಾಚಿಕೆಯಾಯಿತು, ಆದರೂ ತಲೆ ತಗ್ಗಿಸಲಿಲ್ಲ.

"ಐತಪ್ಪಾ. ತುಂಬ ಐತೆ."

"ಸರಿ ಹಂಗಾದ್ರೆ," ಅಪ್ಪಯ್ಯಣ್ಣ ಹೆಗಲ ಟವೆಲ್ಲು ಕೊಡವಿದ. "ಅತ್ತೆ ಮಗ ಹೆಣ್ಣು ನಂದು ಅಂತ ಎದ್ದು ನಿಂತ್ರೆ ಯಾವ ಸೂಲಿಬೆಲೆಯೋರೂ ಮಾತಾಡಂಗಿಲ್ಲ. ಅವನ ಹಕ್ಕು ಮೊದಲು. ನಾನೇ ಹೋಗಿ ಹೇಳ್ತೀನಿ. ಬೈದ್ರೆ ಬೈಸ್ಕೊಂಡು ಬರ್ತೀನಿ. ಎಲ್ಲಪ್ಪಾ ಅವನು? ಎದ್ದು ನಿಂತಿದಾನೋ ಇಲ್ವೋ?"

"ನಿಂತಿದೀನಿ ಮಾವಾ!" ಎಂದ ಆದಿನಾರಾಯಣ.

ಅಪ್ಪ ಎಲೆ ಕಾಯಿ ಇನ್ನು ಬೇಡವೆಂದು ಗಾಡಿಯವನಿಗೆ ಹೇಳುತ್ತಿದ್ದಾಗ ಆದಿನಾರಾಯಣ ಮುತ್ತಮ್ಮನ ಹತ್ತಿರ ಬಂದ.

"ನಾನು ಸುಮ್ಮನೆ ಹೋಗ್ಬಾರ್ದಿತ್ತು," ಎಂದ. "ಯಾಕೆ ಅಂತ ಕೇಳ್ಬೇಕಿತ್ತು."

"ಕೇಳಿದ್ರೂ ನಾನು ಹೇಳ್ತಿರ್ಲಿಲ್ಲ."

"ಇನ್ಮೇಲೆ ಹೇಳ್ತೀಯಾ?"

"ಇನ್ಮೇಲೆ ಕೇಳ್ದೇ ಇದ್ರೂ ಹೇಳ್ತೀನಿ. ಸಾಕು ಅನ್ನೋವರ್ಗೂ ಹೇಳ್ತೀನಿ."

ಅವನು ನಕ್ಕ. ಆ ನಗು ಮತ್ತೆ ನೋಡಲು ಸಿಗುತ್ತದೆಂದು ಅವಳು ಎಣಿಸಿರಲಿಲ್ಲ. ಕಣ್ಣು ತುಂಬಿ ಬಂತು.

"ಶುಕ್ರವಾರ ಮಾವನ್ನ ಕರ್ಕೊಂಡು ಹೆಣ್ಣು ಕೇಳೋಕೆ ಬರ್ತೀನಿ."

"ಮಾವ ಆಮೇಲೆ ಬರ್ಲಿ," ಎಂದಳು ಮುತ್ತಮ್ಮ. "ಮೊದ್ಲು ನಿಮ್ಮಮ್ಮನ್ನ ಕಳಿಸಿ. ಅತ್ತೆ ಬಂದು ಕೇಳ್ಲಿ, ನಾನೇ ಬಾಗ್ಲು ತೆಗೀತೀನಿ."